ತಡಿಯಂಡಮೋಳ್: ತುದಿ ಇನ್ನು ಮುಕ್ಕಾಲು ಗಂಟೆ ಇರುವಾಗ ವಾಪಸ್ ಬಂದೆವು, ತಪ್ಪಾಯ್ತಾ?

ಕುಶಾಲನಗರದ ಮೇಷ್ಟ್ರು (ಸೋಮವಾರ ರಾತ್ರಿ)

ಮನೆಯಲ್ಲಿ ಎರಡು ದಿನದಿಂದ ಮಾತು ಅಷ್ಟಕ್ಕಷ್ಟೇ. ಅದಕ್ಕೇ ಇಲ್ಲಿ ಕೇಳೋಣ ಅನ್ನಿಸಿತು.

ಅಕ್ಟೋಬರ್‌ನಲ್ಲಿ ತಲಕಾವೇರಿ ತೀರ್ಥೋದ್ಭವದ ಮರುದಿನ, ಶನಿವಾರ, ಕೊಡಗಿನ ತಡಿಯಂಡಮೋಳ್ ಬೆಟ್ಟಕ್ಕೆ ಹೋಗಿದ್ದೆವು. ನಾನು, 13 ವರ್ಷದ ಮಗಳು, ಹೆಂಡತಿಯ ತಮ್ಮ, ಬೆಂಗಳೂರಿನಿಂದ ಬಂದಿದ್ದ ಅವನ ಇಬ್ಬರು ಸ್ನೇಹಿತರು. ಬೆಳಗ್ಗೆ 5.30ಕ್ಕೆ ಕುಶಾಲನಗರ ಬಿಟ್ಟೆವು. ಮಡಿಕೇರಿಯಲ್ಲಿ ಮಂಜು. ನಾಪೋಕ್ಲಿನಲ್ಲಿ ಪುಟ್ಟು, ಕಡಲೆ ಸಾರು. ಕೈಕಂಬದಲ್ಲಿ ತಿರುಗಿ ನಾಲ್ಕುನಾಡು ಅರಮನೆ ಮುಂದೆ ಕಾರು ನಿಲ್ಲಿಸುವಾಗ 8.30. ಇಲ್ಲಿವರೆಗೆ ಬಂದು ಅರಮನೆ ನೋಡದೆ ಹೋಗೋದಾ ಅಂತ ಒಳಗೆ ಹೋದೆವು. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು ಅಂತ ನಾನು ಹೇಳುತ್ತಿದ್ದರೆ, ಸ್ನೇಹಿತರು ಕಂಬಕ್ಕೊಂದು ಫೋಟೊ ತೆಗೆಯುತ್ತಿದ್ದರು. ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿ ನಡೆಯಲು ಶುರು ಮಾಡಿದ್ದು 9.45ಕ್ಕೆ.

ಆಕಾಶ ಅಂದರೆ ತೊಳೆದು ಒರೆಸಿಟ್ಟ ಸ್ಟೀಲ್ ತಟ್ಟೆ. ಒಂದು ಚೂರು ಮೋಡ ಇಲ್ಲ. ಮಗಳು ಸ್ವೆಟರ್ ಕಾರಿನಲ್ಲೇ ಬಿಟ್ಟಳು, ನಾನೂ ಸುಮ್ಮನಿದ್ದೆ. ಅಪ್ಪನ ಹಳೇ ಕರಿ ಕೊಡೆ ಮಾತ್ರ ಊರುಗೋಲು ಅಂತ ಹಿಡಿದುಕೊಂಡೆ. 11 ಗಂಟೆಗೆ ದೊಡ್ಡ ಬಂಡೆ ಹತ್ತಿರ ಕಿತ್ತಳೆ ಸುಲಿದು ತಿಂದೆವು. ಆಗ ಕೇರಳದ ಕಡೆ ಹೂಕೋಸಿನ ಥರ ಒಂದು ಮೋಡ ತಲೆ ಎತ್ತಿತ್ತು. 'ಎಷ್ಟು ಚಂದ' ಅಂತ ಅದರದ್ದೂ ಫೋಟೊ ಆಯಿತು.

ಕೊನೆಯ ಕಾಡಿನ ತುಂಡು ಇದೆಯಲ್ಲ, ಅದನ್ನು ದಾಟಿದರೆ ತುದಿ. ಅದರ ಅಂಚಿಗೆ ಬಂದಾಗ 12 ಗಂಟೆ. ಅಲ್ಲಿ ಮಂಜು ಬಂತು. ಬಂತು ಅಂದರೆ ಕೆಳಗಿನಿಂದ ಹತ್ತಿಕೊಂಡೇ ಬಂತು, ನಮ್ಮ ಹಾಗೆ. ಮಗಳು ಹತ್ತು ಹೆಜ್ಜೆ ಮುಂದಿದ್ದಳು. ಅವಳ ಕೆಂಪು ಬ್ಯಾಗು ಮೊದಲು ಗುಲಾಬಿ ಆಯಿತು, ಆಮೇಲೆ ಬೂದಿ, ಆಮೇಲೆ ಇಲ್ಲ. ಕೂಗಿದೆ. 'ಇಲ್ಲೇ ಇದ್ದೀನಪ್ಪಾ' ಅಂದಳು, ಪಕ್ಕದ ರೂಮಿನಿಂದ ಹೇಳಿದ ಹಾಗೆ. 12.10ಕ್ಕೆ ಮೊದಲ ಗುಡುಗು.

'ಸಾಕು, ಇಳಿಯೋಣ' ಅಂದೆ. ಭಾಮೈದ 'ಇನ್ನು ಮುಕ್ಕಾಲು ಗಂಟೆ ಭಾವ' ಅಂದ. ಸ್ನೇಹಿತರು 'ನೀವು ಇಳೀರಿ ಅಂಕಲ್, ನಾವು ಮುಟ್ಟಿ ಬರ್ತೀವಿ' ಅಂದರು. ಅವರು ಮೇಲೆ, ನಾವು ಮೂವರು ಕೆಳಗೆ. ಎರಡನೇ ಗುಡುಗಿಗೆ ಕೊಡೆಯ ಕಬ್ಬಿಣದ ಕಡ್ಡಿ ನೆನಪಾಗಿ ಅದನ್ನು ಹುಲ್ಲಿನಲ್ಲಿ ಚುಚ್ಚಿ ಬಿಟ್ಟು ಬಂದೆ. 12.40ಕ್ಕೆ ಮಳೆ. ನಡುವೆ ಸ್ವಲ್ಪ ಆಲಿಕಲ್ಲು. ನಡೆದು ಬಂದ ದಾರಿ ತೋಡಾಗಿ ಹರಿಯಿತು. ಮಗಳ ಹಲ್ಲು ಕಟಕಟ. ಅರಮನೆ ಹತ್ತಿರ ಬಂದಾಗ 2.30, ನೋಡಿದರೆ ಬಿಸಿಲು! ಗಿಡದ ಎಲೆಯೆಲ್ಲ ಹೊಳೀತಿದೆ. 4.15ಕ್ಕೆ ಆ ಇಬ್ಬರು ನಗುತ್ತಾ ಬಂದರು. 'ತುದಿಯಲ್ಲಿ ಬಿಸಿಲಿತ್ತು ಅಂಕಲ್, ಸಮುದ್ರ ಕಂಡಿತು.'

ಅಂದಿನಿಂದ ಭಾಮೈದ ಫೋನ್ ಎತ್ತುತ್ತಿಲ್ಲ. ಹೆಂಡತಿ 'ನಿಮಗೆ ಯಾವಾಗಲೂ ಅವಸರದ ಭಯ' ಅನ್ನುತ್ತಾಳೆ. ನೀವೇ ಹೇಳಿ.

ಶನಿವಾರದ ಸವಾರಿ

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನೀವು ಹೆದರಿದಿರಿ ಅಷ್ಟೇ. ನಾನು ತಡಿಯಂಡಮೋಳಿಗೆ ನಾಲ್ಕು ಸಲ ಹೋಗಿದ್ದೇನೆ, ಮೂರು ಸಲ ನೆನೆದಿದ್ದೇನೆ. ಬೆಟ್ಟದಲ್ಲಿ ಮಳೆ ಅರ್ಧ ಗಂಟೆಯದ್ದು. ಕಾಡಿನೊಳಗೆ ನಿಂತಿದ್ದರೆ ಹೋಗುತ್ತಿತ್ತು. ನಿಮ್ಮ ಜೊತೆ ಬಂದವರಿಗೆ ಸಮುದ್ರ ಕಂಡಿದೆ, ನಿಮಗೆ ಆಲಿಕಲ್ಲು ಸಿಕ್ಕಿದೆ. ಲೆಕ್ಕ ನೀವೇ ಹಾಕಿ.

ನಾಪೋಕ್ಲು ತೋಟದವ

ಸವಾರಿಯವರೇ, ನೀವು ಮೂರು ಸಲ ನೆನೆದು ಬಂದದ್ದು ನಿಮ್ಮ ಅದೃಷ್ಟ, ನಿಮ್ಮ ಬುದ್ಧಿ ಅಲ್ಲ. ಸಿಟ್ಟಾಗಬೇಡಿ. ನಾನು ಆ ಬೆಟ್ಟವನ್ನು ಅಂಗಳದಲ್ಲಿ ನಿಂತು ಅರವತ್ತು ವರ್ಷದಿಂದ ನೋಡುತ್ತಿದ್ದೇನೆ. ಈಗ ಮಂಡಿ ನೋವು, ಹತ್ತೋದಿಲ್ಲ. ನೋಡುವ ಕೆಲಸ ಬಿಟ್ಟಿಲ್ಲ.

ಶನಿವಾರ ನಮ್ಮ ಮನೆ ಮಳೆ ಡಬ್ಬಿಯಲ್ಲಿ 1 ಇಂಚು 35 ಸೆಂಟು. (ಹೊರಗಿನವರಿಗೆ: ಕೊಡಗಿನಲ್ಲಿ ಮಳೆಯನ್ನು ಇನ್ನೂ ಇಂಚು, ಸೆಂಟಿನಲ್ಲೇ ಹೇಳುತ್ತೇವೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ನೂರು ಎಕರೆಯವನೂ ಒಂದು ಎಕರೆಯವನೂ ಬೆಳಗ್ಗೆ ಎದ್ದು ಮೊದಲು ಕೇಳೋದು 'ನಿಮ್ಮಲ್ಲಿ ಎಷ್ಟು ಬಿತ್ತು' ಅಂತಲೇ.) ಇದು ಒಂದೂಕಾಲು ಗಂಟೆಯಲ್ಲಿ ಬಿದ್ದದ್ದು. ಎರಡು ಕಿಲೋಮೀಟರ್ ಆಚೆ ನನ್ನ ಅಣ್ಣನ ತೋಟದಲ್ಲಿ ಬರೀ 10 ಸೆಂಟು. ಚಿತ್ತಾ ನಕ್ಷತ್ರದ ಈ ಚಿತ್ತೆ ಮಳೆಯೇ ಹಾಗೆ. ಕುರುಡು ಚಿತ್ತೆ ಅಂತ ಸುಮ್ನೆ ಹೇಳ್ತಾರಾ? ಎಲ್ಲಿ ಕಾಲಿಡುತ್ತೆ ಅಂತ ಅದಕ್ಕೇ ಗೊತ್ತಿಲ್ಲ. ಆ ಹುಡುಗರಿಗೆ ತುದಿಯಲ್ಲಿ ಬಿಸಿಲಿದ್ದದ್ದು ನಿಜವೇ ಇರಬಹುದು. ನಿಮಗೆ ಆಲಿಕಲ್ಲು ಬಿದ್ದದ್ದೂ ನಿಜ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೆಟ್ಟಗಳಲ್ಲಿ ಹವೆ ಬದಲಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಎಲ್ಲ ತಿಂಗಳೂ ಒಂದೇ ಥರ ಬದಲಾಗೋದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಲಿನಿಂದ ಬರುತ್ತೆ. ತಡಿಯಂಡಮೋಳ್ 1748 ಮೀಟರ್, ನೇರ ಗೆರೆ ಎಳೆದರೆ ಕಡಲು 50 ಕಿ.ಮೀ. ಆಸುಪಾಸು. ಗಾಳಿ ನೀರು ಹೊತ್ತು ಬಂದು ಇಲ್ಲೇ ಡಿಕ್ಕಿ ಹೊಡೆಯಬೇಕು, ಇಲ್ಲೇ ಸುರೀಬೇಕು. ಆ ಮಳೆ ಹಗಲೂ ರಾತ್ರಿ ಒಂದೇ ಸಮ. ಗುಡುಗು ಕಡಿಮೆ. ಅದರಲ್ಲಿ ಹತ್ತಲೇಬಾರದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದ್ದು ನೋಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಕ್ಟೋಬರ್, ನವೆಂಬರ್‌ದು ಬೇರೆ ಕಥೆ. ಏಪ್ರಿಲ್, ಮೇ ಕೂಡ ಹೆಚ್ಚುಕಡಿಮೆ ಹೀಗೇ. ನೆಲ ನೆನೆದಿರುತ್ತೆ, ಮೇಲೆ ಆಕಾಶ ಬಿಚ್ಚಿರುತ್ತೆ. ಬೆಳಗಿನ ಬಿಸಿಲಿಗೆ ಕಣಿವೆ ಕಾಯುತ್ತೆ. ಆ ತೇವದ ಗಾಳಿ ಬೆಟ್ಟದ ಮೈ ಹಿಡಿದು ಮೇಲೆ ಹೋಗುತ್ತೆ, ತಣ್ಣಗಾಗುತ್ತೆ, ಮೋಡ ಕಟ್ಟುತ್ತೆ. ನೀವು ಮಂಜು ಹತ್ತಿಕೊಂಡು ಬಂತು ಅಂದಿರಲ್ಲ, ಅದು ಮಂಜು ಅಲ್ಲ ಮೇಷ್ಟ್ರೇ, ಮೋಡದ ಹೊಟ್ಟೆ. ನೀವು ಅದರ ಒಳಗೆ ನಿಂತಿದ್ದಿರಿ. ಹಾಗಾಗಿ ಈ ತಿಂಗಳುಗಳಲ್ಲಿ ಬೆಳಗ್ಗೆ ಆಕಾಶ ಎಷ್ಟು ಚೊಕ್ಕ ಇರುತ್ತೋ ಮಧ್ಯಾಹ್ನ ಅಷ್ಟೇ ಗಲಾಟೆ. ನೀವು ತಟ್ಟೆ ಅಂದ ಆಕಾಶ ನೋಡಿ ನಮ್ಮ ಮನೆಯವಳು ಕಣದಲ್ಲಿದ್ದ ಕರಿಮೆಣಸನ್ನು ಹನ್ನೊಂದಕ್ಕೇ ರಾಶಿ ಮಾಡಿ ಟಾರ್ಪಾಲು ಎಳೆದಳು. ಹೂಕೋಸು ಮೋಡ ಕಂಡ ಗಳಿಗೆಯಲ್ಲೇ.

ಅಂದಮೇಲೆ ನಿಮ್ಮ ತಪ್ಪು ವಾಪಸ್ ಬಂದದ್ದಲ್ಲ. 9.45ಕ್ಕೆ ಹೊರಟದ್ದು. ಎರಡನೆಯದು, ಐದು ಜನ ಹೋಗಿ ಎರಡು ತುಂಡಾದದ್ದು. ಅದು ಸಣ್ಣ ತಪ್ಪಲ್ಲ.

ಜಿಗಣೆಪ್ರಿಯ

ಎಲ್ಲರೂ ಮೋಡದ ಬಗ್ಗೆ ಮಾತಾಡ್ತಿದ್ದೀರಿ, ಜಿಗಣೆ ಬಗ್ಗೆ ಯಾರೂ ಕೇಳಲಿಲ್ಲ. ಎಷ್ಟು ಹತ್ತಿತು?

ಕುಶಾಲನಗರದ ಮೇಷ್ಟ್ರು

ನನಗೆ ಏಳು, ಮಗಳಿಗೆ ಮೂರು. ಒಂದು ಹೊಕ್ಕುಳ ಹತ್ತಿರ ಇತ್ತು. ಮನೆಗೆ ಬಂದು ಸ್ನಾನ ಮಾಡುವಾಗ ಗೊತ್ತಾಯಿತು.

ಜಿಗಣೆಪ್ರಿಯ

ಸಾಕ್ಸ್ ಹೊರಗಡೆ ಹೊಗೆಸೊಪ್ಪಿನ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿ. ಉಪ್ಪು ಮಳೆಗೆ ತೊಳೆದುಹೋಗುತ್ತೆ, ಎಣ್ಣೆ ಸ್ವಲ್ಪ ನಿಲ್ಲುತ್ತೆ. ಕಿತ್ತ ಮೇಲೆ ರಕ್ತ ನಿಲ್ಲೋದಿಲ್ಲ ಅಂತ ಗಾಬರಿ ಬೇಡ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇದೆ, ಹಿರುಡಿನ್ ಅಂತ. ಒತ್ತಿ ಹಿಡಿದು ಬಟ್ಟೆ ಕಟ್ಟಿದರೆ ಆಯಿತು. ತುರಿಸಬೇಡಿ, ವಾರಗಟ್ಟಲೆ ಕಾಡುತ್ತೆ.

ಆಸ್ಪತ್ರೆ ಅಕ್ಕ

ಜಿಗಣೆಯಿಂದ ಯಾರೂ ಸಾಯೋದಿಲ್ಲ, ಅದು ಬಿಡಿ. ಮೇಷ್ಟ್ರು 'ಹಲ್ಲು ಕಟಕಟ' ಅಂತ ಒಂದೇ ಸಾಲಿನಲ್ಲಿ ದಾಟಿಸಿದ್ದು ನನಗೆ ಸರಿ ಕಾಣಲಿಲ್ಲ.

ನೂರು ಮೀಟರ್ ಮೇಲೆ ಹೋದರೆ ಸುಮಾರು ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಂಪು. ಅದೇನೂ ದೊಡ್ಡದಲ್ಲ. ಒದ್ದೆ ಬಟ್ಟೆ, ಅದರ ಮೇಲೆ ಗಾಳಿ, ಇವೆರಡೂ ಸೇರಿದರೆ ಹಿಮಾಲಯಕ್ಕೆ ಹೋಗಬೇಕಾಗಿಲ್ಲ, ಇಲ್ಲೇ ಮೈ ತಣ್ಣಗಾಗುತ್ತೆ. ಅದೂ ಸಣ್ಣ ಮಕ್ಕಳಿಗೆ, ತೆಳ್ಳಗಿದ್ದವರಿಗೆ ಬೇಗ. ನಡುಗುವುದು ಮೊದಲು. ಆಮೇಲೆ ಕೈ ಹೇಳಿದ ಮಾತು ಕೇಳೋದಿಲ್ಲ, ಬ್ಯಾಗಿನ ಜಿಪ್ ಎಳೆಯಲು ಬರೋದಿಲ್ಲ, ಮಾತು ತೊದಲುತ್ತೆ, ಸುಮ್ನೆ ಕೂತುಬಿಡೋಣ ಅನ್ನಿಸುತ್ತೆ. ಮೈ ಬೆಚ್ಚಗಾಗದೆ ನಡುಕ ನಿಂತರೆ ಅದು ಒಳ್ಳೆಯ ಲಕ್ಷಣ ಅಲ್ಲ, ಅಪಾಯ.

ಜೀನ್ಸ್ ಹಾಕಿಕೊಂಡು ಬೆಟ್ಟ ಹತ್ತುವವರನ್ನು ನೋಡಿದರೆ ನನಗೆ ಕೋಪ ಬರುತ್ತೆ. ನೆನೆದ ಜೀನ್ಸ್ ಆರುವಷ್ಟರಲ್ಲಿ ಮದುವೆ ಊಟ ಮುಗಿದಿರುತ್ತೆ. ಒಂದು ಜೊತೆ ಒಣ ಬನಿಯನ್, ಸಾಕ್ಸ್, ಒಂದು ಉಣ್ಣೆ ಟೊಪ್ಪಿ, ಇಷ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಬ್ಯಾಗಿನ ತಳದಲ್ಲಿಡಿ. ಬ್ಯಾಗಿನ ಹೊರಗಿನ ಕವರನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತೆ. ಒದ್ದೆ ಬಟ್ಟೆ ತೆಗೆದು, ಒಣದು ಹಾಕಿ, ಬಿಸಿಯಾಗಿ ಸಿಹಿಯಾಗಿ ಏನಾದರೂ ಕುಡಿಸಿ. ಬೆಲ್ಲದ ಕಾಫಿ ಆದೀತು. ಇನ್ನು ನಮ್ಮ ಕೊಡಗಿನ ಗಂಡಸರ ಔಷಧ ಒಂದಿದೆ, ಅದು ಬೇಡ. ಬ್ರಾಂದಿ ಕುಡಿದರೆ ಚರ್ಮ ಬೆಚ್ಚಗೆ ಅನ್ನಿಸುತ್ತೆ, ಒಳಗಿನ ಬಿಸಿ ಮಾತ್ರ ಹೊರಗೆ ಹೋಗಿಬಿಡುತ್ತೆ.

ನಾಪೋಕ್ಲು ತೋಟದವ

ಅಕ್ಕ, ಕೊನೆಯ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳಬಹುದಿತ್ತು.

ಕಂಬ ಹತ್ತಿದವ

ನಾನು 31 ವರ್ಷ ಲೈನ್‌ಮನ್ ಆಗಿದ್ದವನು. ಈಗ ನಿವೃತ್ತ. ಕರೆಂಟಿನ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕಿದೆ ಅಂದುಕೊಳ್ಳುತ್ತೇನೆ.

ಕೊಡೆಯ ಕಬ್ಬಿಣ ಸಿಡಿಲನ್ನು ಎಳೆಯುತ್ತೆ ಅಂತ ಬಿಸಾಡಿದಿರಿ. ಪಾಪ, ಕೊಡೆಯ ತಪ್ಪು ಅಷ್ಟಿಲ್ಲ. ಸಿಡಿಲಿಗೆ ಬೇಕಾದ್ದು ಎತ್ತರ. ಬೋಳು ಜಾಗದಲ್ಲಿ ಎಲ್ಲಕ್ಕಿಂತ ಎತ್ತರ ಯಾವುದಿದೆಯೋ ಅದು. ಮರದ ಹಿಡಿಯ ಕೋಲನ್ನು ತಲೆ ಮೇಲೆ ಎತ್ತಿ ಹಿಡಿದರೂ ಅಪಾಯವೇ. ಕೊಡೆ ಬಿಚ್ಚಿ ಹಿಡಿಯದೆ ಇದ್ದದ್ದು ಒಳ್ಳೆಯದಾಯಿತು, ಅಷ್ಟು ಸರಿ.

ಈಗ ಕಹಿ ಮಾತು. ಗುಡುಗು ಶುರುವಾದ ಮೇಲೆ ನೀವು ಇಳಿದದ್ದು ಎಲ್ಲಿಂದ? ಕಾಡಿನ ಅಂಚಿನಿಂದ ದೊಡ್ಡ ಬಂಡೆವರೆಗೆ ಬರೀ ಹುಲ್ಲು. ಬೆಟ್ಟದ ಏಣಿನ ಮೇಲೆ ಮೂರು ಜನ ಸಾಲಾಗಿ, ಸೊಂಟಕ್ಕಿಂತ ಎತ್ತರದ ಗಿಡವೂ ಇಲ್ಲ. ಆ ಹೊತ್ತಿನಲ್ಲಿ ಕಾಡಿನೊಳಗೆ ಇದ್ದ ಆ ಹುಡುಗರು ನಿಮಗಿಂತ ಕಮ್ಮಿ ಅಪಾಯದಲ್ಲಿದ್ದರು. ಒಂಟಿ ಮರದ ಕೆಳಗೆ ನಿಲ್ಲಬಾರದು, ಅಂಚಿನ ಮರದ ಕೆಳಗೂ ಬೇಡ. ಆದರೆ ಒಂದೇ ಎತ್ತರದ ಮರಗಳಿರುವ ಕಾಡಿನ ಒಳಗೆ, ತಗ್ಗಿನಲ್ಲಿ, ಬುಡಗಳಿಂದ ದೂರ ಕೂರುವುದು ಬೋಳು ಗುಡ್ಡಕ್ಕಿಂತ ವಾಸಿ. ಅವರು ಅಲ್ಲಿಂದ ತುದಿಗೆ ಹೋದರು ನೋಡಿ, ಆಗ ನಿಮಗಿಂತ ದೊಡ್ಡ ಅಪಾಯಕ್ಕೆ ಬಿದ್ದರು. ಸಮುದ್ರ ಕಾಣುವ ಜಾಗ ಅಂದರೆ ಮಿಂಚಿಗೂ ನೀವು ಕಾಣುವ ಜಾಗ.

ಮಿಂಚು ಕಂಡ ಮೇಲೆ ಎಣಿಸಿ. ಮೂರು ಎಣಿಸುವಷ್ಟರಲ್ಲಿ ಗುಡುಗು ಬಂದರೆ ಒಂದು ಕಿ.ಮೀ. ಮೂವತ್ತರ ಒಳಗೆ ಬಂದರೆ ಹತ್ತು ಕಿ.ಮೀ. ಒಳಗೇ ಇದೆ ಅಂತ ಅರ್ಥ, ಅಷ್ಟು ಹತ್ತಿರ ಸಾಕು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಬಿಟ್ಟು ಏಳಿ. ಓಡಿ ಹೋಗಲು ಜಾಗವೇ ಇಲ್ಲದಿದ್ದರೆ ಪಾದ ಎರಡೂ ಕೂಡಿಸಿ ಕುಕ್ಕರಗಾಲಲ್ಲಿ ಕೂರಿ, ಮಲಗಬೇಡಿ. ಒಬ್ಬರಿಗೊಬ್ಬರು ದೂರ ಕೂರಿ. ಯಾಕೆ ಅಂತೀರಾ? ಸಿಡಿಲು ನೆಲಕ್ಕೆ ಬಿದ್ದು ಸುತ್ತ ಹರಡುತ್ತೆ. ಕಾಲು ಅಗಲ ಇದ್ದಷ್ಟೂ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತೆ. ಸಿಡಿಲಿಗೆ ದನಗಳು ಒಟ್ಟೊಟ್ಟಿಗೆ ಸಾಯುವುದು ಇದಕ್ಕೇ, ಮುಂಗಾಲಿಗೂ ಹಿಂಗಾಲಿಗೂ ಅಷ್ಟು ಅಂತರ. ತಂತಿ ಹರಿದು ಬಿದ್ದ ಕಡೆ ನಾವು ಪಾದ ಜೋಡಿಸಿಕೊಂಡು ಕುಪ್ಪಳಿಸುತ್ತಾ ದೂರ ಹೋಗುತ್ತಿದ್ದದ್ದೂ ಇದಕ್ಕೇ. ಜನ ನೋಡಿ ನಗುತ್ತಿದ್ದರು.

ಫೋನಿನಲ್ಲಿ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯದ್ದು, ಸುತ್ತಮುತ್ತ ಸಿಡಿಲು ಬಿದ್ದದ್ದನ್ನು ತೋರಿಸುತ್ತೆ. ನೆಟ್‌ವರ್ಕ್ ಇರುವವರೆಗೆ ಮಾತ್ರ, ಅದು ನೆನಪಿರಲಿ.

ಶನಿವಾರದ ಸವಾರಿ

ನೋಡಿದಿರಾ, ಕಾಡಿನೊಳಗೆ ನಿಲ್ಲಿ ಅಂತ ನಾನೂ ಹೇಳಿದ್ದೆ!

ಕಂಬ ಹತ್ತಿದವ

ನಿಂತದ್ದಕ್ಕೆ ನಿಮಗೆ ಪೂರ್ತಿ ಅಂಕ ಸ್ವಾಮಿ. ಆಮೇಲೆ ತುದಿಗೆ ಹೋಗಿ ಅಂದದ್ದಕ್ಕೆ ಸೊನ್ನೆ.

ಸುಂಟಿಕೊಪ್ಪ ಸೀಮೆ

ಮಂಜಿನ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ಕೋಟೆಬೆಟ್ಟದಲ್ಲಿ ನನಗೆ ಆದದ್ದು. ನಮ್ಮ ಮನೆಯಿಂದ ಕಾಣುವ ಬೆಟ್ಟ, ಸುಮಾರು 1620 ಮೀಟರ್. ಚಿಕ್ಕಂದಿನಿಂದ ಹತ್ತಿದ್ದೇನೆ. ಅದಕ್ಕೇ ದಾರಿ ತಪ್ಪಿದೆ.

ನವೆಂಬರ್ ತಿಂಗಳು, ಒಬ್ಬನೇ. ಇಳಿಯುವಾಗ ಮೋಡ ಮುಚ್ಚಿತು. ಮುಚ್ಚಿದರೆ ಮುಚ್ಚಲಿ, ನಮ್ಮ ಬೆಟ್ಟ ಅಲ್ವಾ ಅಂತ ನಡೆದೆ. ಕಾಲ ಕೆಳಗೆ ಒಳ್ಳೆಯ ದಾರಿಯೇ ಇತ್ತು. ಸವೆದ ಮಣ್ಣು, ಒಂದು ಅಡಿ ಅಗಲ. ಇಪ್ಪತ್ತು ನಿಮಿಷ ನಡೆದ ಮೇಲೆ ಅದರ ಮೇಲೆ ಹಸಿ ಸಗಣಿ ಕಂಡಿತು. ಆಗಲೂ ಹೊಳೆಯಲಿಲ್ಲ. ಇನ್ನೂ ಹತ್ತು ನಿಮಿಷಕ್ಕೆ ದಾರಿ ಮೂರಾಯಿತು, ಮೂರೂ ಹುಲ್ಲಿನಲ್ಲಿ ಮುಗಿದುಹೋದವು. ನಾನು ಬಂದದ್ದು ದನದ ದಾರಿ. ದನಕ್ಕೆ ಊರಿಗೆ ಹೋಗುವ ಅವಸರ ಇಲ್ಲ, ಹುಲ್ಲಿದ್ದಲ್ಲಿಗೆ ಹೋಗುತ್ತೆ.

ಕೆಳಗೆ ನೀರಿನ ಸದ್ದು ಕೇಳಿತು. ನೀರು ಕೆಳಗೇ ಹೋಗುತ್ತೆ, ಊರು ಕೆಳಗೇ ಇದೆ ಅಂತ ಕೊಲ್ಲಿ (ತೊರೆ ಹರಿಯುವ ಇಕ್ಕಟ್ಟು ಕಣಿವೆ) ಹಿಡಿದು ಇಳಿದೆ. ಇದು ನಾನು ಮಾಡಿದ ದೊಡ್ಡ ಪೆದ್ದತನ. ಕೊಲ್ಲಿಯ ಬಂಡೆ ಮೇಲೆ ಪಾಚಿ, ಎರಡೂ ಕಡೆ ಬೆತ್ತದ ಮುಳ್ಳು. ಅರ್ಧ ಗಂಟೆ ಆದ ಮೇಲೆ ಸದ್ದು ಬದಲಾಯಿತು. ಮುಂಚೆ ಗುಳುಗುಳು ಅಂತಿತ್ತು, ಈಗ ದೂರದಿಂದ ಧೋ ಅಂತ. ಮುಂದಿನ ಬಂಡೆ ಹಿಡಿದು ಬಗ್ಗಿ ನೋಡಿದರೆ ನೀರು ಅಲ್ಲಿಂದ ಕೆಳಗೆ ಬಿಳಿ ಮೋಡಕ್ಕೆ ಬೀಳುತ್ತಿದೆ. ಎಷ್ಟು ಆಳ ಅಂತ ಕಾಣೋದಿಲ್ಲ. ನನ್ನ ಚಪ್ಪಲಿ ಕೆಳಗೆ ಒಂದು ಕಲ್ಲು ಅಲ್ಲಾಡಿತು. (ಹೌದು, ಚಪ್ಪಲಿ. ಆಸ್ಪತ್ರೆ ಅಕ್ಕ ಬೈಯಬಹುದು.)

ಅಲ್ಲೇ ಕೂತೆ. ಬ್ಯಾಗಿನಲ್ಲಿದ್ದ ಅಕ್ಕಿ ರೊಟ್ಟಿ ತಿಂದೆ. ತಿಂದ ಮೇಲೆ ತಲೆ ಸ್ವಲ್ಪ ನೆಟ್ಟಗಾಯಿತು. ಬಂದ ದಾರಿಯಲ್ಲೇ ಮೇಲೆ ಹತ್ತಿದೆ, ಸಗಣಿ ಇದ್ದಲ್ಲಿಗೆ, ಅಲ್ಲಿಂದ ಇನ್ನೂ ಮೇಲೆ ಗೊತ್ತಿದ್ದ ಜಾಗದವರೆಗೆ. ಮೋಡ ಒಂದು ನಿಮಿಷ ಹರಿದಾಗ ನನ್ನ ಸರಿಯಾದ ದಾರಿ ಎಡಗಡೆ ಐವತ್ತು ಅಡಿ ದೂರದಲ್ಲಿತ್ತು. ಐವತ್ತೇ ಅಡಿ! ತೋಟದ ಲೈನ್‌ಮನೆ (ಕೆಲಸಗಾರರ ಸಾಲುಮನೆ) ಮುಟ್ಟಿದಾಗ ಕತ್ತಲು. ಅಲ್ಲಿನ ಅಜ್ಜಿಯೊಬ್ಬರು ಕರಿ ಕಾಫಿ ಕೊಟ್ಟು, ಯಾವ ಊರು, ಯಾರ ಮಗ ಅಂತ ಕೇಳಿದರು. ನಾಚಿಕೆಗೆ ಮೈಸೂರಿನವನು ಅಂದುಬಿಟ್ಟೆ.

ಆಸ್ಪತ್ರೆ ಅಕ್ಕ

ಬೈಯೋದಿಲ್ಲ. ಅಕ್ಕಿ ರೊಟ್ಟಿ ಇಟ್ಟುಕೊಂಡಿದ್ದಿರಲ್ಲ, ಅದಕ್ಕೆ ಮಾಫಿ.

ಶನಿವಾರದ ಸವಾರಿ

ಈಗ ಫೋನಿನಲ್ಲಿ ಮ್ಯಾಪ್ ಮೊದಲೇ ಇಳಿಸಿಕೊಂಡು ಹೋದರೆ ಇದೆಲ್ಲ ಇಲ್ಲ ಅಲ್ವಾ? ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತೆ. ಹತ್ತುವಾಗ ದಾರಿ ರೆಕಾರ್ಡ್ ಮಾಡಿದರೆ ಇಳಿಯುವಾಗ ಅದೇ ಗೆರೆ ಹಿಡಿಯಬಹುದು.

ಸುಂಟಿಕೊಪ್ಪ ಸೀಮೆ

ಒಪ್ಪಿದೆ, ಈಗ ನಾನೂ ಅದನ್ನೇ ಮಾಡುತ್ತೇನೆ. ಆದರೆ ಒದ್ದೆ ಬೆರಳಿಗೆ ಸ್ಕ್ರೀನ್ ಕೇಳೋದಿಲ್ಲ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ. ಹತ್ತುವಾಗ ದಾರಿ ಕವಲಾದ ಕಡೆ ಒಂದು ಸಲ ತಿರುಗಿ ನಿಂತು ಹಿಂದೆ ನೋಡುತ್ತೇನೆ. ಇಳಿಯುವಾಗ ಕಾಣೋದು ಆ ಮುಖ. ಇದನ್ನು ಕಲಿಸಿದ್ದು ನಮ್ಮ ತೋಟದಲ್ಲಿ ಜೇನು ಕೀಳಲು ಬರುತ್ತಿದ್ದ ಕುರುಬರ ಅಜ್ಜ. ಅವರ ಹತ್ತಿರ ಫೋನ್ ಇರಲಿಲ್ಲ.

ಹೊಸಬ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅನುಮತಿ ಹೇಗೆ?

ಶನಿವಾರದ ಸವಾರಿ

ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆ ಥರ ಜನ ಸೇರಿದರಲ್ಲ, ಅದಾದ ಮೇಲೆ ಚಾರಣ ಕೆಲವು ದಿನ ನಿಂತಿತು, ಆಮೇಲೆ ಈ ವ್ಯವಸ್ಥೆ ಬಂತು. ಗುರುತಿನ ಚೀಟಿ ಇರಲಿ. ಮೇಲೆ ರಾತ್ರಿ ಉಳಿಯುವ ಹಾಗಿಲ್ಲ. ಮಳೆ ಜೋರಿದ್ದರೆ ಜಿಲ್ಲಾಡಳಿತ ನಿಲ್ಲಿಸುತ್ತೆ, ಹೋಗುವ ಹಿಂದಿನ ದಿನ ವಿಚಾರಿಸಿಕೊಳ್ಳಿ.

ಅದೇ ಭಾಮೈದ

ನಮಸ್ಕಾರ. ಅಕ್ಕ ಈ ಚರ್ಚೆಯ ಲಿಂಕ್ ಕಳಿಸಿದಳು. ಪೂರ್ತಿ ಓದಿದೆ. ಮೇಷ್ಟ್ರು ಬರೆದದ್ದೆಲ್ಲ ನಿಜ, ಒಂದು ವಿಷಯ ಬಿಟ್ಟಿದ್ದಾರೆ.

ಭಾವ, ನಾನು ಫೋನ್ ಎತ್ತದೆ ಇದ್ದದ್ದು ವಾಪಸ್ ಬಂದದ್ದಕ್ಕಲ್ಲ. ಗುಡುಗಿದಾಗ ನನಗೂ ಹೊಟ್ಟೆ ಚುಳ್ ಅಂದಿತ್ತು. ನೀವು ಆವಾಗ ಏನಂದಿರಿ, ನೆನಪು ಮಾಡಿಕೊಳ್ಳಿ. 'ಸಾಕು, ಎಲ್ಲರೂ ಸಾಲಾಗಿ ಇಳೀರಿ' ಅಂದಿರಿ. ಪ್ರಾರ್ಥನೆ ಮುಗಿದ ಮೇಲೆ ಹೇಳ್ತೀರಲ್ಲ, ಅದೇ ಧ್ವನಿ. ಅವರಿಬ್ಬರೂ 34 ವರ್ಷದವರು. ಆ ಮಾತು ಕೇಳಿಯೇ ಅವರು ಮೇಲೆ ಹೋದದ್ದು. ನೀವು 'ನನಗೆ ಮಗಳ ಬಗ್ಗೆ ಭಯ ಆಗ್ತಿದೆ, ಇಳಿಯೋಣ್ವಾ' ಅಂದಿದ್ದರೆ ಅವರೂ ಬರುತ್ತಿದ್ದರು. ನಾನು ನಡುವೆ ಸಿಕ್ಕಿಕೊಂಡೆ. ಸ್ನೇಹಿತರನ್ನು ಬಿಡಲಾ, ಸೊಸೆಯನ್ನು ಬಿಡಲಾ? ಅಕ್ಕನ ಮಗಳ ಜೊತೆ ಇಳಿದೆ. ನಾಲ್ಕೂ ಕಾಲಿನವರೆಗೆ ಅರಮನೆ ಕಟ್ಟೆ ಮೇಲೆ ಕೂತು ಅವರು ಬರ್ತಾರಾ ಇಲ್ವಾ ಅಂತ ನಾನು ಪಟ್ಟದ್ದು ನನಗೇ ಗೊತ್ತು. ನೀವು ಆಗ ಕಾರಿನಲ್ಲಿ ನಿದ್ದೆ ಮಾಡುತ್ತಿದ್ದಿರಿ.

ಇನ್ನೊಂದು. ತುದಿಯಲ್ಲಿ ಸಮುದ್ರ ಕಂಡಿತು ಅಂತ ಹೇಳಿದರಲ್ಲ, ಅದು ಸುಳ್ಳು. ಫೋಟೊ ನೋಡಿದೆ. ಬರೀ ಬಿಳಿ. ಬಿಸಿಲು ಬಂದದ್ದು ಅವರು ಅರ್ಧ ಇಳಿದ ಮೇಲೆ.

ಶನಿವಾರದ ಸವಾರಿ

ಅಯ್ಯೋ.

ನಾಪೋಕ್ಲು ತೋಟದವ

ತಮ್ಮಾ, ಚೆನ್ನಾಗಿ ಹೇಳಿದೆ. ನಾನು ಮೋಡ ಮಾತ್ರ ನೋಡಿದ್ದೆ.

ನಮ್ಮ ಕಾಲದಲ್ಲಿ ಕಾಡಿಗೆ ಹೋಗುವಾಗ ಹಿರಿಯರೊಬ್ಬರು ಅಂಗಳದಲ್ಲೇ ಹೇಳುತ್ತಿದ್ದರು: ನೆರಳು ಕಾಲ ಕೆಳಗೆ ಬಂದಾಗ ಎಲ್ಲಿದ್ದರೂ ತಿರುಗೋದು. ಪ್ರಾಣಿ ಕಣ್ಣೆದುರು ಇದ್ದರೂ ಸರಿ. ಮೇಲೆ ಹೋಗಿ ಚರ್ಚೆಯೇ ಇಲ್ಲ, ಯಾಕೆಂದರೆ ಕೆಳಗೆ ಎಲ್ಲರೂ ಹೂಂ ಅಂದಾಗಿದೆ. ತುದಿ ಮುಕ್ಕಾಲು ಗಂಟೆ ಇರುವಾಗ ಯಾವ ಗಂಡಸಿಗೂ ಕಿವಿ ಕೇಳೋದಿಲ್ಲ. ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಿದ ಮೇಲೆ ಅಲ್ಲೇ ನಿಂತು ಸಮಯ ಹೇಳಿಬಿಡಿ. ಅಕ್ಟೋಬರ್‌ನಲ್ಲಾದರೆ 11. ಯಾರಿಗೆ ಒಪ್ಪಿಗೆ ಇಲ್ಲವೋ ಅವರು ಅಲ್ಲೇ ಹೇಳಲಿ.

ಕುಶಾಲನಗರದ ಮೇಷ್ಟ್ರು

ಒಂದು ದಿನ ಬಿಟ್ಟು ಬರೆಯುತ್ತಿದ್ದೇನೆ.

ಭಾಮೈದ ಹೇಳಿದ ಧ್ವನಿ ನನ್ನದೇ. 22 ವರ್ಷ ಪಾಠ ಮಾಡಿದ್ದೇನೆ, ಅದು ಗಂಟಲಲ್ಲೇ ಕೂತಿದೆ. ನಿದ್ದೆ ಮಾಡಿದ್ದೂ ನಿಜ. ನಿನ್ನೆ ಫೋನ್ ಮಾಡಿದೆ, ಎತ್ತಿದ. ಡಿಸೆಂಬರಿನಲ್ಲಿ ಮತ್ತೆ ಹೋಗೋಣ ಅಂತ ಮಾತಾಯಿತು. ಸ್ನೇಹಿತರನ್ನೂ ಕರೆಯುತ್ತೇನೆ, ನಾನೇ.

ಒಂದು ಸಣ್ಣ ಕೋರಿಕೆ. ಕಾಡಿನ ಅಂಚಿನಿಂದ ಸ್ವಲ್ಪ ಕೆಳಗೆ, ದಾರಿಯ ಬಲಕ್ಕೆ, ಹುಲ್ಲಿನಲ್ಲಿ ಕರಿ ಕೊಡೆ ಚುಚ್ಚಿದೆ. ಬಿದಿರಿನ ಬಾಗಿದ ಹಿಡಿ. ಅಪ್ಪನದ್ದು. ಯಾರಾದರೂ ಆ ಕಡೆ ಹೋದರೆ ದಯವಿಟ್ಟು ಕೆಳಗಿನ ಅಂಗಡಿಯಲ್ಲಿ ಕೊಟ್ಟಿರಿ.

ಕುಶಾಲನಗರದ ಮೇಷ್ಟ್ರು (ಡಿಸೆಂಬರ್, ಭಾನುವಾರ)

ಹೋಗಿ ಬಂದೆವು. ಈ ಸಲ ಹಿಂದಿನ ರಾತ್ರಿಯೇ ಕಕ್ಕಬ್ಬೆಯಲ್ಲಿ ಉಳಿದೆವು. ಬೆಳಕು ಹರಿಯುವಾಗ ಚೆಕ್‌ಪೋಸ್ಟಿನಲ್ಲಿದ್ದೆವು. ಅಲ್ಲಿ ನಿಂತು 'ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗೋಣ್ವಾ?' ಅಂತ ಕೇಳಿದೆ. ಕೇಳಿದೆ, ಹೇಳಲಿಲ್ಲ. ಮಗಳು ಹಿಂದಿನಿಂದ ನಕ್ಕಳು. ಒಬ್ಬ ಸ್ನೇಹಿತ 'ಹತ್ತೂವರೆ ಮಾಡಿ ಅಂಕಲ್, ಊಟಕ್ಕೆ ಪಾಡಿ ಇಗ್ಗುತ್ತಪ್ಪನ ದೇವಸ್ಥಾನಕ್ಕೆ ಹೋಗೋಣ' ಅಂದ. ಹತ್ತೂವರೆ ಆಯಿತು.

9.20ಕ್ಕೆ ತುದಿ. ಬೀಸುವ ಗಾಳಿಗೆ ಕಣ್ಣಲ್ಲಿ ನೀರು. ಕೆಳಗಿನ ಕಣಿವೆಯಲ್ಲೆಲ್ಲ ಮಂಜು ತುಂಬಿ, ಹೆಪ್ಪು ಹಾಕಿದ ಹಾಲಿನ ಹಾಗೆ ಅಲ್ಲಾಡದೆ ಕೂತಿತ್ತು. ಗುಡ್ಡದ ತಲೆಗಳು ಮಾತ್ರ ಮೇಲೆ. ಪಶ್ಚಿಮಕ್ಕೆ ದೂರದಲ್ಲಿ ಒಂದು ಗೆರೆ ಹೊಳೆಯುತ್ತಿತ್ತು. ಸಮುದ್ರವೋ ಮಂಜೋ ಅಂತ ಐದು ಜನರಲ್ಲಿ ಜಗಳ. ಸಮುದ್ರ ಅಂತ ಮೂರು ಓಟು, ಮಂಜು ಅಂತ ಎರಡು. ಮಗಳು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಚಪಾತಿ ತಿಂದಳು. ಒಂದು ಹನಿ ಮಳೆ ಇಲ್ಲ, ಒಂದೇ ಒಂದು ಜಿಗಣೆ ಇಲ್ಲ.

ಇಳಿಯುವಾಗ ಕಾಡಿನ ಅಂಚಿನ ಕೆಳಗೆ ಅರ್ಧ ಗಂಟೆ ಹುಡುಕಿದೆವು. ಕೊಡೆ ಸಿಗಲಿಲ್ಲ.

ಸುಂಟಿಕೊಪ್ಪ ಸೀಮೆ

ಅಯ್ಯೋ ಮೇಷ್ಟ್ರೇ, ಮೊದಲೇ ಕೇಳಬಾರದಾ! ನವೆಂಬರ್ ಕೊನೆಯಲ್ಲಿ ನಾನು ಹೋಗಿದ್ದೆ. ನೀವು ಹೇಳಿದ ಜಾಗದಲ್ಲೇ ಒಂದು ಕೊಡೆ ಇತ್ತು, ತಂದು ಕೆಳಗಿನ ಅಂಗಡಿಯಲ್ಲಿ ಕೊಟ್ಟಿದ್ದೇನೆ. ಬರೆಯೋದು ಮರೆತೆ.

ಕುಶಾಲನಗರದ ಮೇಷ್ಟ್ರು

ಈಗ ತಾನೇ ಅಂಗಡಿಯವರಿಗೆ ಫೋನ್ ಮಾಡಿಸಿದೆ. ಕೊಡೆ ಇದೆಯಂತೆ. ನೀಲಿ ಬಣ್ಣ, ಪ್ಲಾಸ್ಟಿಕ್ ಹಿಡಿ, ಮೂರು ಮಡಿಕೆಯದ್ದು. ನಮ್ಮದಲ್ಲ. ಯಾರದ್ದಾದರೂ ಇದ್ದರೆ ಹೋಗಿ ತಗೊಳ್ಳಿ.